ಟೀವಿಯೊಳಗಿನ ಏಡಿಗಳು

ಈಚೆಗೆ ನಮ್ಮ ಮನೆಯ ಚಹಾದ ಬಸಿಗಳು ಸದ್ದು ಮಾಡತೊಡಗಿವೆ. ಬೆಳಗಿನ ಚಹಾ ಹಿಡಿದು ಅಡುಗೆಮನೆಯಿಂದ ಬಾಲ್ಕನಿಗೆ ಬರುವ ಹತ್ತು ಹೆಜ್ಜೆಯೊಳಗೆ ಕಪ್ಪು ಬಸಿಗೆ ತಾಗಿ ಕಟಕಟ ಅನ್ನುತ್ತದೆ. ಮೊದಲು ಬಸಿಯನ್ನೇ ಬೈದೆ. ತಳ ಸಮವಿಲ್ಲ, ಈಗಿನ ಸಾಮಾನೇ ಹೀಗೆ ಎಂದು. ಬೇರೆ ಬಸಿ ತೆಗೆದೆ. ಅದೂ ಕಟಕಟ ಅಂದಿತು. ಹೀಗೆ ಎರಡು ನಿರಪರಾಧಿ ಬಸಿಗಳ ಮೇಲೆ ತಪ್ಪು ಹೊರಿಸಿದ ಮೇಲೆ, ಬೇರೆ ದಾರಿ ಕಾಣದೆ, ನನ್ನ ಬಲಗೈ ನೋಡಿಕೊಂಡೆ. ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಸಣ್ಣಗೆ ಆಡುತ್ತಿತ್ತು. ಈ ಸದ್ದು ನನಗೆ ಹೊಸದಲ್ಲ. ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ, ಪುಣೆಯ ಖಡಕಿಯ ಚಾಳಿನ ನಮ್ಮ ಎರಡು ಕೋಣೆಯ ಮನೆಯಲ್ಲಿ, ಅಪ್ಪನ ಕೈಯಿಂದ ಇದೇ ಸದ್ದು ಕೇಳಿದ್ದೆ.

ಅಪ್ಪ ಕಲಬುರಗಿ ಕಡೆಯವನು. ಪುಣೆಗೆ ಬಂದದ್ದು ಕಟ್ಟಡಗಳಿಗೆ ಇಟ್ಟಿಗೆ ಹೊರಲು. ಹೇಗೋ ಚಿಂಚವಡದ ಕಡೆಯ ಒಂದು ಕಾರ್ಖಾನೆಯೊಳಗೆ ಹೊಕ್ಕು, ನೋಡಿ ನೋಡಿಯೇ ಉಕ್ಕು ಕೆತ್ತುವ ಲೇಥ್ ಯಂತ್ರ ಕಲಿತು, ಹತ್ತು ವರ್ಷದಲ್ಲಿ ಅಲ್ಲಿನ ನುರಿತ ಟರ್ನರ್ ಆದ. ತಿರುಗಿಸಿ ಕೆತ್ತಿದ ಉಕ್ಕಿನ ಮೇಲೆ ಉಗುರು ಎಳೆದು, ಇನ್ನೂ ಕೂದಲೆಳೆಯಷ್ಟು ತೆಗೆಯಬೇಕೋ ಬೇಡವೋ ಹೇಳುತ್ತಿದ್ದನಂತೆ. ಆಮೇಲೆ ಅಳತೆಯ ಉಪಕರಣ ಹಚ್ಚಿದರೆ ಅದೂ ಅಷ್ಟನ್ನೇ ಹೇಳುತ್ತಿತ್ತಂತೆ. ಇದನ್ನು ನಮಗೆ ಹೇಳಿದವನೂ ಅಪ್ಪನೇ, ಆದ್ದರಿಂದ ಸ್ವಲ್ಪ ಕಡಿಮೆ ಮಾಡಿಕೊಂಡು ಓದಿ. ಆದರೆ ಅವನು ಚಹಾ ಕುಡಿಯುವುದನ್ನು ನಾನೇ ಕಂಡಿದ್ದೇನೆ. ಬಸಿಗೆ ಅಂಚಿನವರೆಗೆ ಸುರಿದುಕೊಂಡು, ಮೂರು ಬೆರಳ ಮೇಲೆ ಕೂರಿಸಿಕೊಂಡು, ಚಾಳಿನ ಉದ್ದ ಪಡಸಾಲೆಯ ಕೊನೆಯವರೆಗೆ ಮಾತಾಡುತ್ತಾ ನಡೆದು ಹೋಗುತ್ತಿದ್ದ. ಒಂದು ಹನಿ ಚೆಲ್ಲುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಬಸಿ ಸದ್ದು ಮಾಡಿತು. ಕೆಲವು ದಿನಕ್ಕೆ ಅಪ್ಪ ಸ್ಟೀಲಿನ ಲೋಟದಲ್ಲಿ ಚಹಾ ಕೇಳತೊಡಗಿದ.

"ಬಸಿ ಯಾಕ ಬ್ಯಾಡ್ರಿ?" ಅಂದಳು ಅವ್ವ.

"ಲೋಟದಾಗ ಬಿಸಿ ಇರ್ತದ."

ಅವ್ವ ಬಸಿ ತೊಳೆದು ಮೇಲಿಟ್ಟಳು. ನಮ್ಮ ಮನೆಯಲ್ಲಿ ದೊಡ್ಡ ಸುದ್ದಿಗಳೆಲ್ಲ ಹೀಗೆ ಪಾತ್ರೆ ಬದಲಾಗಿಯೇ ತಿಳಿಯುತ್ತಿದ್ದವು.

ಟೀವಿಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆ ಬಂದದ್ದು ಆಗಲೇ. ಖಡಕಿ ಬಜಾರಿನಲ್ಲಿ ಹೋಟೆಲ್ ನಡೆಸುತ್ತಿದ್ದ ಶೆಟ್ಟರ ರುಬ್ಬುವ ಯಂತ್ರದ ಸವೆದ ಕಂಬಿಗೆ ಬದಲಾಗಿ ಅಪ್ಪ ಹೊಸದೊಂದನ್ನು ಮಾಡಿಕೊಟ್ಟಿದ್ದ. ಅದರ ಋಣಕ್ಕೆ ಅವರು ಕೊಟ್ಟ ಆಟದ ಪೆಟ್ಟಿಗೆಯನ್ನು ಅವರ ತಮ್ಮ ದುಬೈನಿಂದ ತಂದಿದ್ದನಂತೆ. ಅದರ ಹಿಡಿಕೆ ಮುರಿದು, ಹೋಟೆಲಿನ ಅಟ್ಟದಲ್ಲಿ ಅಕ್ಕಿಚೀಲದ ಮಗ್ಗುಲಲ್ಲಿ ಬಿದ್ದಿತ್ತು. "ನೀವೇ ತಗೊಂಡು ಹೋಗಿ ಮಾರಾಯ್ರೇ. ಇಲ್ಲಿ ಇಟ್ಟು ಎಂತ ಮಾಡೂದು? ಇಲಿ ಆಡ್ತದಾ?" ಅಂದರು ಶೆಟ್ಟರು. ಅಪ್ಪ ಹಿಡಿಕೆಗೆ ಹಿತ್ತಾಳೆಯ ಹೊಸ ಬುಡ ಮಾಡಿ ಕೂರಿಸಿದ. ಅದರ ರಬ್ಬರಿಗೆ ಹೋಟೆಲಿನ ಹಳೇ ಎಣ್ಣೆಯ ವಾಸನೆ ಹತ್ತಿದ್ದು ಕೊನೆಯವರೆಗೂ ಹೋಗಲಿಲ್ಲ. ನಮ್ಮ ಮನೆಯಲ್ಲಿ ಯುದ್ಧವೆಂದರೆ ವಡೆ ಕರಿದ ವಾಸನೆ.

ಆಟ ನಿಮಗೂ ಗೊತ್ತಿರಬಹುದು. ಮೇಲೆ ಸಾಲುಸಾಲಾಗಿ ಕಾಲು ಅಲ್ಲಾಡಿಸುವ ಜೀವಿಗಳು. ಅವು ಅತ್ತಿಂದಿತ್ತ ಸರಿಯುತ್ತಾ, ಗುಂಡು ಉದುರಿಸುತ್ತಾ ಕೆಳಗಿಳಿಯುತ್ತವೆ. ಕೆಳಗೆ ನಮ್ಮದೊಂದು ತೋಪು, ಅದು ಸಿಡಿದರೆ ಇನ್ನೊಂದು. ಹಿಡಿಕೆಯಿಂದ ಅದನ್ನು ಸರಿಸಬೇಕು, ಕೆಂಪು ಗುಂಡಿ ಒತ್ತಿ ಹೊಡೆಯಬೇಕು. ಅವು ಬೇರೆ ಗ್ರಹದಿಂದ ಬಂದವೆಂದು ಡಬ್ಬಿಯ ಮೇಲೆ ಚಿತ್ರವಿತ್ತು. ಅಪ್ಪ ಒಪ್ಪಲಿಲ್ಲ. ಅವನ ಪ್ರಕಾರ ಅವು ಏಡಿಗಳು, ಅವನ ಊರಿನ ಹಳ್ಳದಿಂದ ಬಂದವು. ಒಂದು ಪರದೆ ತುಂಬ ಏಡಿ ಮುಗಿದರೆ ಹೊಸ ತಂಡ ಬರುತ್ತಿತ್ತು. ಒಂದೊಂದು ತಂಡಕ್ಕೂ ಅಪ್ಪ ಪಾಳಿ ಅನ್ನುತ್ತಿದ್ದ. ಮೊದಲ ಪಾಳಿ, ಎರಡನೇ ಪಾಳಿ, ಕಾರ್ಖಾನೆಯಲ್ಲಿದ್ದ ಹಾಗೆ.

ಅಪ್ಪ ಬೆಳಗಿನ ಪಾಳಿ ಮುಗಿಸಿ, ಲೋಕಲ್ ರೈಲು ಹಿಡಿದು, ನಾಲ್ಕಕ್ಕೆಲ್ಲ ಮನೆ ಸೇರುತ್ತಿದ್ದ. ಟೀವಿಯಲ್ಲಿ ಕಾರ್ಯಕ್ರಮ ಶುರುವಾಗುವುದು ಸಂಜೆಗೆ. ಆ ನಡುವಿನ ಹೊತ್ತು ಏಡಿಗಳದ್ದು. ನಾನು ಪಕ್ಕದಲ್ಲಿ ಕೂತು "ಬಲಕ್ಕ ಸರೀ, ಎಡಕ್ಕ ಸರೀ" ಎಂದು ಕೂಗುತ್ತಿದ್ದೆ. ನನ್ನ ಮಾತು ಕೇಳಿದಾಗಲೆಲ್ಲ ಅಪ್ಪನ ತೋಪು ಸಿಡಿಯುತ್ತಿತ್ತು.

"ಎಳೀ ಕೂಸಿನಂಗ ಕುಂತಾರ ನೋಡ," ಅನ್ನುತ್ತಿದ್ದಳು ಅವ್ವ, ಅಕ್ಕಿ ಆರಿಸುತ್ತಾ.

ಒಂದು ದಿನ ಅವ್ವ ನೀರಿಗೆ ಹೋದಾಗ ಅಪ್ಪ ನನಗೆ ವಿಷಯ ಹೇಳಿದ. ಫೋರ್ಮನ್ ಸಾಹೇಬ ಅವನ ಕೈ ಗಮನಿಸಿದ್ದ. ಕೆಟ್ಟ ಮನುಷ್ಯನಲ್ಲ. ಪಕ್ಕಕ್ಕೆ ಕರೆದು, "ಶರಣಪ್ಪಾ, ಆತಾ ಸ್ಟೋರಮಧೇ ಬಸ," ಅಂದಿದ್ದನಂತೆ. ಲೇಥ್ ಬಿಡು, ಇನ್ನು ಸ್ಟೋರಿನಲ್ಲಿ ಕೂತು ಕೆಲಸಗಾರರಿಗೆ ಹತಾರ ಕೊಡುವ ಕೆಲಸ ಮಾಡು ಎಂದು. ಒಂದು ಜಾಗ ಖಾಲಿ ಇತ್ತು. ದಸರೆಯವರೆಗೆ ಅಪ್ಪನಿಗಾಗಿ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದೂ ಹೇಳಿದ್ದ.

"ಇದು ಆಟ ಅಲ್ಲ ಅವ್ವಿ, ಕೈ ಪರೀಕ್ಷಾ ಅದ," ಅಂದ ಅಪ್ಪ. "ಒಂದ ತೋಪಿನ ಮ್ಯಾಲ ಮೂರು ಪಾಳಿ ಮುಗಿಸಿದೆ ಅಂದ್ರ, ಸ್ಟೋರ್ ಬ್ಯಾಡ ಅಂತ ಹೇಳ್ತೀನಿ. ಮುಗೀಲಿಲ್ಲ ಅಂದ್ರ ಸುಮ್ಮ ಹೋಗಿ ಕೂಡ್ತೀನಿ. ಅವ್ವಗ ಹೇಳಬ್ಯಾಡ."

ಹದಿಮೂರು ವರ್ಷದವಳಿಗೆ ಇಂಥ ಗುಟ್ಟು ಸಿಕ್ಕರೆ ನಿಮಗೆ ಗೊತ್ತಲ್ಲ, ನಾನು ಅರ್ಧ ಅಡಿ ಎತ್ತರವಾದೆ. ಆದರೆ ಅಪ್ಪನ ಕೈ ಎತ್ತರವಾಗಲಿಲ್ಲ. ಮೊದಲ ಪಾಳಿ ಹೇಗೋ ದಾಟುತ್ತಿದ್ದ. ಎರಡನೆಯದರಲ್ಲಿ, ಏಡಿಗಳು ಕಡಿಮೆಯಾದಷ್ಟೂ ಜೋರಾಗಿ ಓಡತೊಡಗಿದಾಗ, ಹಿಡಿಕೆ ಹಿಡಿದ ಕೈ ತೋಪನ್ನು ಒಂದು ಚೂರು ಹೆಚ್ಚು ಸರಿಸಿಬಿಡುತ್ತಿತ್ತು. ಸೀದಾ ಗುಂಡಿನ ಕೆಳಗೆ. ದಸರೆಗೆ ಎಂಟು ದಿನ ಉಳಿದಾಗ ಒಂದು ಮಧ್ಯಾಹ್ನ ಅವನು ಆಟ ನಿಲ್ಲಿಸಿ, ಬಲಗೈಯನ್ನು ಎಡಗೈಯಿಂದ ಹಿಡಿದು, ತೊಡೆಯ ಮೇಲಿಟ್ಟುಕೊಂಡು ಕೂತ. ನನ್ನ ಕಡೆ ನೋಡಲಿಲ್ಲ.

ಆ ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಪುಟ್ಟ ಸ್ವಿಚ್ಚಿತ್ತು. ಬೆಳಗಿನ ಶಾಲೆ ಮುಗಿಸಿ ಬಂದು ಒಬ್ಬಳೇ ಆಡುವಾಗ ನನಗೆ ಅದು ಸಿಕ್ಕಿತ್ತು. ಕೆಳಗೆ ಒತ್ತಿದರೆ ಏಡಿಗಳು ನಿಧಾನವಾಗುತ್ತಿದ್ದವು, ಗುಂಡುಗಳು ಸಾವಕಾಶ ಇಳಿಯುತ್ತಿದ್ದವು. ಎಷ್ಟೋ ಸಲ ಹಾಗೆ ಆಡಿ, ಗೆಳತಿಯರ ಮುಂದೆ ಶೂರಳೆನಿಸಿಕೊಂಡಿದ್ದೆ. ಮರುದಿನ ಅಪ್ಪ ಬರುವ ಮೊದಲು ಅದನ್ನು ಕೆಳಗೆ ಒತ್ತಿದೆ.

ಯಾಕೆ ಒತ್ತಿದೆ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಕನಿಕರದಿಂದ ಎಂದು ಹೇಳಿದರೆ ನೀವು ಒಪ್ಪಬಹುದು, ಅದು ಅರ್ಧ ನಿಜ ಕೂಡ. ಗೆದ್ದರೆ ಕೈ ತಾನೇ ನೆಟ್ಟಗಾಗುತ್ತದೆ ಎಂಬ ದಡ್ಡತನವೂ ಇತ್ತು. ಆದರೆ ಉಳಿದದ್ದು ಬೇರೆ. ನನ್ನ ಅಪ್ಪ ಲೇಥ್ ನಡೆಸುತ್ತಾನೆ ಎಂದು ನಾನು ಚಾಳಿನ ತುಂಬ ಕೊಚ್ಚಿಕೊಂಡಿದ್ದೆ. ಸ್ಟೋರಿನ ಕಿಟಕಿಯ ಹಿಂದೆ ಕೂತು ಸಾಮಾನು ಎತ್ತಿಕೊಡುವ ಅಪ್ಪ ನನಗೆ ಬೇಡವಾಗಿದ್ದ.

ಉಕ್ಕಿನಲ್ಲಿ ಕೂದಲೆಳೆ ಕಂಡುಹಿಡಿಯುವವನಿಗೆ ಇದು ಗೊತ್ತಾಗಲಿಲ್ಲವೇ ಎಂದು ಕೇಳುತ್ತೀರಿ. ಗೊತ್ತಾಗಲಿಲ್ಲ. ಏಡಿಗಳು ನಿಧಾನವಾದಂತೆ ಅವನಿಗೆ ಕಾಣಲಿಲ್ಲ, ತನ್ನ ಕೈ ಚುರುಕಾದಂತೆ ಕಂಡಿತು. ಮೂರನೆಯ ದಿನ ಒಂದೇ ತೋಪಿನ ಮೇಲೆ ಮೂರು ಪಾಳಿ ಮುಗಿಸಿದ. ಎದ್ದು ನಿಂತು, ನನ್ನ ತಲೆಯ ಮೇಲೆ ಕೈಯಿಟ್ಟ. ಆ ಕೈ ನಡುಗುತ್ತಿತ್ತು. ಅದು ಸಂತೋಷಕ್ಕೆ ಎಂದುಕೊಂಡೆವು, ಇಬ್ಬರೂ.

ದಸರೆಯ ಹಿಂದಿನ ದಿನ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪೂಜೆ. ಪ್ರತಿ ವರ್ಷದಂತೆ ಅಪ್ಪ ತನ್ನ ಲೇಥ್ ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಬಂದ. ಆ ವರ್ಷ ಒಂದು ಹೂವು ಹೆಚ್ಚಿಗೆ ತಂದಿದ್ದ. ಟೀವಿಯ ಮುಂದೆ ಕೂತು, ಆಟದ ಪೆಟ್ಟಿಗೆಗೆ ಕುಂಕುಮ ಇಟ್ಟು, ಹಿಡಿಕೆಯ ಮೇಲೆ ಆ ಹೂವಿಟ್ಟು ಕೈಮುಗಿದ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಪೇಢೆ ತಿಂದೆ.

ಹಬ್ಬ ಕಳೆದು ಕೆಲಸ ಶುರುವಾದ ದಿನ ಅಪ್ಪ ಸ್ಟೋರ್ ಬೇಡವೆಂದ. ಸಾಹೇಬ ಬಹಳ ಹೇಳಿ ನೋಡಿದ, ಕೊನೆಗೆ ಆ ಜಾಗವನ್ನು ಬೇರೊಬ್ಬನಿಗೆ ಕೊಟ್ಟ. ಅದೇ ವಾರ ಒಂದು ನಾಜೂಕಿನ ಕೆಲಸ ಬಂತು. ಸಾಹೇಬ ಪಕ್ಕದಲ್ಲೇ ನಿಂತಿದ್ದ. ಅಪ್ಪ ಮೊದಲ ತುಂಡು ಕೆಡಿಸಿದ. ಎರಡನೆಯದನ್ನೂ ಕೆಡಿಸಿದ. ಮೂರನೆಯದನ್ನು ಅವನ ಕೈಗೆ ಯಾರೂ ಕೊಡಲಿಲ್ಲ. ದೀಪಾವಳಿಯ ಹೊತ್ತಿಗೆ ಅಪ್ಪನಿಗೆ ಸಿಕ್ಕಿದ ಕೆಲಸ, ಲೇಥುಗಳ ಸುತ್ತ ಬೀಳುವ ಉಕ್ಕಿನ ಸುರುಳಿಗಳನ್ನು ಗುಡಿಸುವುದು. ತನ್ನ ಲೇಥಿನ ಸುತ್ತಲೂ.

ಇಷ್ಟೇ ಆಗಿದ್ದರೆ ನಾನು ಹೇಗಾದರೂ ತಾಳಿಕೊಳ್ಳುತ್ತಿದ್ದೆ. ಗುಡಿಸುವುದೂ ಕೆಲಸವೇ. ಆದರೆ ಅಪ್ಪ ಅದಕ್ಕೊಂದು ಕಾರಣ ಹುಡುಕಿಕೊಂಡ.

"ಕೈ ಸರಿ ಅದ ಅವ್ವಿ. ನೀನ ನೋಡೀದಿ, ಮೂರು ಪಾಳಿ ಮುಗಿಸೀನಿ. ಸಾಹೇಬ ಬಾಜೂಕ ನಿಂತಾನ ಅಂತ ನಾ ಹೆದರಿದೆ. ನಾ ಪುಕ್ಕಲ ಇದೀನಿ."

ಎರಡು ವರ್ಷದ ಮೇಲೆ ಡಾಕ್ಟರು ಇದು ನರದ ಕಾಯಿಲೆ ಎಂದರು. ಅಪ್ಪ ತಲೆಯಾಡಿಸಿ ಹೊರಬಂದ. "ಅದು ಈಗ ಬಂದದ," ಅಂದ. "ಆವಾಗ ಕೈ ಛಲೋ ಇತ್ತು. ಆವಾಗ ನಾನ ಹೆದರಿದ್ದು." ಕಾಯಿಲೆಗೆ ಸೋತವನು ತಾನೆಂದು ಅವನಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗದಂತೆ ಮಾಡಿದವಳು ನಾನು. ಅವನು ಆಮೇಲೂ ಹನ್ನೊಂದು ವರ್ಷ ಬದುಕಿದ್ದ. ಚಮಚದಲ್ಲಿ ಅವನಿಗೆ ಚಹಾ ಕುಡಿಸುವಾಗ ಎಷ್ಟೋ ಸಲ ಸ್ವಿಚ್ಚಿನ ಮಾತು ನಾಲಿಗೆಯ ತುದಿಗೆ ಬಂತು. ಈಗ ಹೇಳಿ ಏನು ಪ್ರಯೋಜನ ಎಂದುಕೊಂಡು ಬಾಯಿ ಒರೆಸುತ್ತಿದ್ದೆ, ಅವನದು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಹೋದ ವಾರ ಇದ್ದಕ್ಕಿದ್ದಂತೆ ನಮ್ಮ ಮನೆಯ ಬಸಿ ಸುಮ್ಮನಾಯಿತು. ನಾಲ್ಕು ದಿನ ಒಂದು ಸದ್ದಿಲ್ಲ. ನಾನು ಹಿಗ್ಗಿಹೋದೆ. ದಿನಾ ಚಹಾ ಹಾಕಿಕೊಡುವ ಮಗಳು ಡಾಕ್ಟರಿಗೆ ತೋರಿಸೋಣ ಎನ್ನುತ್ತಿದ್ದಳು, ಇನ್ನು ಬೇಡವೆಂದು ಅವಳಿಗೆ ಹೇಳಿಯೂಬಿಟ್ಟೆ. ಅವಳು ಖಾಲಿ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದಳು. ಐದನೆಯ ದಿನ ಕನ್ನಡಕ ಹಾಕಿಕೊಂಡು ಚಹಾಕ್ಕೆ ಕೂತು ಕಪ್ಪು ಎತ್ತಿದರೆ, ಬಿಳಿ ಬಸಿಯ ನಡುವೆ ಬಿಳಿ ಬಟ್ಟೆಯ ಪುಟ್ಟ ತುಂಡೊಂದು, ನಾಲ್ಕು ಮಡಿಕೆ ಮಾಡಿ ನೀಟಾಗಿ ಇಟ್ಟದ್ದು.

ಮಗಳನ್ನು ಕರೆದೆ. ಅವಳು ಬಟ್ಟೆ ನೋಡಿ ಮುಖ ತಿರುಗಿಸಿದಳು. "ನಿಂಗ ಆ ಆವಾಜ್ ಕೇಳಿದ್ರ ತ್ರಾಸ ಆಗ್ತದಲ್ಲ ಮಮ್ಮಿ, ಅದಕ್ಕ," ಅಂದಳು.

ಬೈಯಲು ನನಗೆ ಯಾವ ಬಾಯಿ? ಅವಳನ್ನು ಕೂರಿಸಿಕೊಂಡು, ಅಪ್ಪನಿಗೆ ಹೇಳದೆ ಉಳಿದದ್ದನ್ನೆಲ್ಲ ಹೇಳಿದೆ. ಆಮೇಲೆ ಕಪ್ಪಿಗೆ ಅಂಚಿನವರೆಗೆ ಚಹಾ ಸುರಿಸಿಕೊಂಡು, ಬಟ್ಟೆಯಿಲ್ಲದ ಬಸಿಯ ಮೇಲಿಟ್ಟು, ಅಡುಗೆಮನೆಯಿಂದ ಬಾಲ್ಕನಿಗೆ ಆ ಹತ್ತು ಹೆಜ್ಜೆ ನಡೆದೆ. ಕಟಕಟ, ಕಟಕಟ. ಅರ್ಧ ಚಹಾ ಬಸಿಯಲ್ಲಿತ್ತು, ಸ್ವಲ್ಪ ನೆಲದ ಮೇಲೆ.

"ನೋಡಿದ್ಯಲ್ಲ, ಈಗ ಹೇಳು," ಅಂದೆ.

"ನಡಗ್ತದ ಮಮ್ಮಿ," ಅಂದಳು ಮಗಳು, ಅಳುತ್ತಾ. "ಭಾಳ ನಡಗ್ತದ."

ಅಪ್ಪ ಬದುಕಿದ್ದಷ್ಟು ದಿನ ನನ್ನ ಬಾಯಿಂದ ಹೊರಡದೆ ಹೋದದ್ದು ಇದೊಂದೇ ಮಾತು.