ಲಗೇಜ್ ಚೀಟಿಯ ಕೆಳಗಿನ ಅರ್ಧ

ಹಳೆಯ ಪಾಸ್‌ಪೋರ್ಟ್ ಹುಡುಕುವಾಗ ಅದರ ಕವರಿನಿಂದ ದಪ್ಪ ಕಾಗದದ ಚೂರೊಂದು ಕೆಳಗೆ ಬಿತ್ತು. ಲಗೇಜ್ ಚೀಟಿಯ ಕೆಳಗಿನ ಅರ್ಧ. ಒಂದು ನಂಬರು, ಅದರ ಮೇಲೆ, ಮಾಸಿದ ಹಸಿರು ಅಕ್ಷರಗಳಲ್ಲಿ, ಈಗಿಲ್ಲದ ಒಂದು ವಿಮಾನ ಕಂಪನಿಯ ಹೆಸರು.

ಕುವೈತಿನ ಖೈತಾನಿನಲ್ಲಿ ನಾವಿದ್ದಾಗ ನಮ್ಮ ಮೇಲಿನ ಮನೆಯಲ್ಲಿದ್ದವರು ಉಡುಪಿ ಕಡೆಯವರು, ಒಂಟಿ ಮನುಷ್ಯ. ಕುವೈತ್ ಸಿಟಿಯ ಕಾರ್ಗೋ ಆಫೀಸೊಂದರಲ್ಲಿ ಕೆಲಸ. ಅದಕ್ಕೂ ಮೊದಲು ಅಮೆರಿಕದಲ್ಲಿ, ಈ ಚೀಟಿಯ ವಿಮಾನ ಕಂಪನಿಯ ಬ್ಯಾಗೇಜ್ ಕೌಂಟರಿನಲ್ಲಿದ್ದರಂತೆ. ಶುಕ್ರವಾರ ಊಟಕ್ಕೆ ಕರೆದರೆ ಅದರ ಚರಿತ್ರೆ ಶುರು. ಎರಡು ಪ್ರೊಪೆಲರ್ ವಿಮಾನಗಳಿಂದ ಆರಂಭವಾಗಿದ್ದು, ದೊಡ್ಡ ಕಂಪನಿಗಳು ತಿರುಗಿಯೂ ನೋಡದ ಸಣ್ಣ ಊರುಗಳಿಗೆ ಹಿಮದಲ್ಲೂ ಹಾರಿದ್ದು, ಜೆಟ್ ಕೊಳ್ಳಲು ಹೋಗಿ ಸೋತಿದ್ದು, ಕೊನೆಗೆ ಇನ್ನೊಂದು ಕಂಪನಿ ನುಂಗಿ ಹಾಕಿದ್ದು. ಬಾಗಿಲು ಮುಚ್ಚಿದ ಮೇಲೂ ಇವರು ಮೂರು ವಾರ ಅಲ್ಲೇ ಕೂತು, ಉಳಿದ ಪೆಟ್ಟಿಗೆಗಳನ್ನು ಒಡೆಯರಿಗೆ ಮುಟ್ಟಿಸಿದ್ದರಂತೆ. ಹತ್ತು ಸಲ ಕೇಳಿ ನನಗೆ ಬೇಸರ ಬಂದಿತ್ತು, ಸುಳ್ಳೇಕೆ ಹೇಳಲಿ...

ತೊಂಬತ್ತರ ಆಗಸ್ಟಿನಲ್ಲಿ ಇರಾಕಿ ಸೈನ್ಯ ಬಂತು, ವಿಮಾನ ನಿಲ್ದಾಣ ಮುಚ್ಚಿತು. ಮುಂದಿನ ತಿಂಗಳು ನಮ್ಮ ಕಟ್ಟಡದವರೆಲ್ಲ ಊರಿನ ವಿಮಾನ ಹಿಡಿಯಲು ಬಸ್ಸಿನಲ್ಲಿ ಜೋರ್ಡಾನಿನ ಅಮ್ಮಾನಿಗೆ ಹೊರಟಾಗ, ಅವರು ತಮ್ಮ ಹಳೆಯ ಚೀಟಿಗಳ ಕಟ್ಟು ತಂದು ಪ್ರತಿ ಪೆಟ್ಟಿಗೆಗೂ ಒಂದೊಂದು ಕಟ್ಟಿ, ಅದೇ ನಂಬರಿನ ಚೂರನ್ನು ಹರಿದು ನಮ್ಮ ಕೈಗೆ ಕೊಟ್ಟರು. ತಾವು ಮಾತ್ರ ಬಸ್ಸು ಹತ್ತಲಿಲ್ಲ.

"ನಿಮಗೂ ಸೀಟಿದೆ, ಬನ್ನಿ ಸುಮ್ಮನೆ," ಎಂದೆ.

"ಆಫೀಸಿನ ಗೋಡೌನಲ್ಲಿ ಜನರ ಸಾಮಾನು ಉಂಟಲ್ಲ. ಒಪ್ಪಿಸಿ ಬರ್ತೇನೆ."

ನನಗೆ ಸಿಟ್ಟೇ ಬಂತು. ಯಾರದೋ ಪೆಟ್ಟಿಗೆಗಾಗಿ ಜೀವ ಪಣಕ್ಕಿಡುವುದೇ? ಅವರು ತಮ್ಮ ಸೂಟ್‌ಕೇಸನ್ನು ನನಗೆ ಕೊಟ್ಟು, ಅದರ ಚೂರನ್ನು ಜೇಬಿಗಿಟ್ಟುಕೊಂಡರು.

"ಇದು ತೋರಿಸದೆ ಯಾರಿಗೂ ಕೊಡ್ಲಿಕ್ಕಿಲ್ಲ ಮಾರಾಯ್ರೆ, ನನ್ನ ತಂಗಿ ಬಂದ್ರೂ. ನಾನೇ ಬಂದು ತಗೊಳ್ತೇನೆ."

ಸೂಟ್‌ಕೇಸ್ ಮೈಸೂರಿನ ನಮ್ಮ ಮನೆಯಲ್ಲಿ ಮಂಚದ ಕೆಳಗೆ ಕೂತಿತು. ಯುದ್ಧ ಮುಗಿಯಿತು. ಗೇಟು ಸದ್ದಾದಾಗಲೆಲ್ಲ ಅವರೇ ಬಂದರೆಂದುಕೊಳ್ಳುತ್ತಿದ್ದೆ... ಬಂದದ್ದು ಅವರ ತಂಗಿ. ಕೂರುವ ಮೊದಲೇ ಲಕೋಟೆಯಿಂದ ಆ ಚೂರನ್ನು ತೆಗೆದು ಮೇಜಿನ ಮೇಲಿಟ್ಟರು.

"ಗೋಡೌನಿನ ಬಾಗಿಲಲ್ಲೇ ಗುಂಡು ತಾಗಿದ್ದಂತೆ. ಅಣ್ಣನ ಜೇಬಲ್ಲಿ ಇದಿತ್ತು ಅಂತ ಅಲ್ಲಿಯವರು ಕಳಿಸಿದ್ರು."

ನಂಬರು ತಾಳೆ ನೋಡಿದೆ. ಬೇಕಿರಲಿಲ್ಲ, ಆದರೂ ನೋಡಿದೆ. ಸರಿಯಿತ್ತು. ಸೂಟ್‌ಕೇಸ್ ಒಪ್ಪಿಸಿದೆ.

ಸಾಮಾನು ಕೊಟ್ಟ ಮೇಲೆ ಚೂರು ಕೌಂಟರಿನವನಲ್ಲೇ ಉಳಿಯಬೇಕು ಎಂದು ಅವರೇ ಹೇಳುತ್ತಿದ್ದರು. ಹಾಗಾಗಿ ಇದು ನನ್ನ ಬಳಿ ಉಳಿಯಿತು. ಇವತ್ತು ಮತ್ತೆ ಅದೇ ಕವರಿನೊಳಗೆ ಸೇರಿಸಿಟ್ಟೆ. ಆ ಚರಿತ್ರೆಯನ್ನು ಹನ್ನೊಂದನೆಯ ಸಲ ಕೇಳಲು ಈಗ ನಾನು ತಯಾರಿದ್ದೇನೆ, ಹೇಳುವವರಿಲ್ಲ.