ಗಾಳಿಗೆ ಮುಖ ಕೊಡದವನು

ನನ್ನ ತಮ್ಮನ ಮಗಳ ಗಂಡನಿಗೆ ಊರು ಇಟ್ಟ ಹೆಸರು ತಕ್ಕಡಿ. ಕೆಲಸ ನೋಡಿ ಇಟ್ಟದ್ದು, ಗುಣ ನೋಡಿ ಅಲ್ಲ. ಅಂಗಡಿ, ಗಿರಣಿ, ಗೋದಾಮುಗಳ ತೂಕದ ಯಂತ್ರ ಸರಿಮಾಡುವ ಕಂಪನಿಯಲ್ಲಿ ಅವನು ಮೆಕ್ಯಾನಿಕ್. ವ್ಯಾನಿನಲ್ಲಿ ಕಬ್ಬಿಣದ ತೂಕದ ಬಟ್ಟುಗಳನ್ನು ಹೇರಿಕೊಂಡು ಊರೂರು ತಿರುಗುತ್ತಾನೆ. ಬಟ್ಟು ಇಟ್ಟು ನೋಡುವುದು, ಮುಳ್ಳು ಸುಳ್ಳು ಹೇಳಿದರೆ ಅದರ ಕಿವಿ ಹಿಂಡುವುದು. ಕೆಲಸದಲ್ಲಿ ಕಳ್ಳನಲ್ಲ, ಅದನ್ನು ಒಪ್ಪುತ್ತೇನೆ. ಅವನು ಮುಟ್ಟಿದ ಯಂತ್ರ ಒಂದು ಕಾಳಿನಷ್ಟೂ ಆಚೀಚೆ ಆಗುವುದಿಲ್ಲವಂತೆ. ಆದರೆ ಲೋಕದ ತೂಕ ನೋಡುವ ಈ ಮಹಾರಾಯನಿಗೆ ಸ್ವಂತ ಮನೆಯಲ್ಲಿ ಯಾವ ತಟ್ಟೆ ನೆಲ ಕಚ್ಚಿದೆ ಎಂಬುದು ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹೇಳಿದ್ದು ಇಂಥವರನ್ನು ನೋಡಿಯೇ ಇರಬೇಕು.

ಅವನಿಗೆ ಚಟಗಳಿದ್ದವು. ಕುಡಿತವೋ ಇಸ್ಪೀಟೋ ಆಗಿದ್ದರೆ ಕೂರಿಸಿಕೊಂಡು ನಾಲ್ಕು ಮಾತು ಬಯ್ಯಬಹುದಿತ್ತು. ಇವು ಬಯ್ಯಲು ಬಾರದ ಚಟಗಳು. ಭಾನುವಾರ ಸೈಕಲ್ ರೇಸು. ರೇಸಿಲ್ಲದ ಭಾನುವಾರ ಬೆಟ್ಟ. ಬೆಟ್ಟಕ್ಕೆ ಮೋಡ ಕವಿದರೆ ಹೊಳೆಯಲ್ಲಿ ಗಾಳ. ಮೀನು ಕಚ್ಚದಿದ್ದರೆ ದುರ್ಬೀನು ಹಿಡಿದು ಹಕ್ಕಿ ನೋಡುವುದು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎನ್ನುತ್ತಾರೆ. ಇವನು ಹತ್ತನ್ನೂ ಕಟ್ಟಿದ, ಹತ್ತರ ಗಂಟೂ ಸಡಿಲ. ರೇಸಿನಲ್ಲಿ ಅವನನ್ನು ಹುಡುಕಬೇಕಾದರೆ ಹಿಂದಿನಿಂದ ಎಣಿಸಬೇಕು. ಬೆಟ್ಟದಲ್ಲಿ ತುದಿ ಕಾಣುವ ಕಡೆ ಕೂತು ಫೋಟೋ ತೆಗೆಸಿಕೊಂಡು ಇಳಿದುಬಿಡುತ್ತಿದ್ದ. ಇನ್ನು ಗಾಳದ ವಿಷಯ. ಅವನು ಹೊಳೆಗೆ ಹೋದರೆ ಮೀನುಗಳು ಮರಿಗಳನ್ನು ಪಾಠ ಕಲಿಯೋಕೆ ಕಳಿಸುತ್ತವೆ ಎಂದು ಅವನ ಹೆತ್ತಪ್ಪನೇ ಹೇಳುತ್ತಿದ್ದ.

ಇರುವುದು ಎರಡು ಕೋಣೆಯ ಬಾಡಿಗೆ ಮನೆ. ನಡುಮನೆಯ ಹಗ್ಗದ ಮೇಲೆ ಸದಾ ಒಂದು ಒದ್ದೆ ಟೆಂಟು. ಅಡುಗೆಮನೆಗೆ ಹೋಗುವವರು ಅದಕ್ಕೆ ತಲೆಬಾಗಿಯೇ ಹೋಗಬೇಕು. ಗಾಳದ ಕೋಲು ಕೊಡೆಗಳ ಜೊತೆ ಬಾಗಿಲ ಮೂಲೆಯಲ್ಲಿ. ಸೈಕಲ್ಲಿಗೆ ಮಾತ್ರ ಮಲಗುವ ಕೋಣೆಯ ಗೋಡೆಯಲ್ಲಿ ಜಾಗ. ಬಾಣಂತಿ ಕೂಸನ್ನು ಒರೆಸಿದ ಹಾಗೆ ಅದನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದ. ಭಾರ ಕಡಿಮೆಯಾದರೆ ವೇಗ ಹೆಚ್ಚುತ್ತದೆ ಎಂದು ಯಾರೋ ತಲೆಗೆ ತುಂಬಿದ್ದರು. ಕಂಪನಿಯಿಂದ ಚಿಕ್ಕ ತೂಕದ ಯಂತ್ರ ತಂದು ಒಂದೊಂದು ನಟ್ಟನ್ನೂ ತೂಗಿದ. ಗಂಟೆ ಕಿತ್ತ. ಸ್ಟ್ಯಾಂಡ್ ಕಿತ್ತ. ಪ್ರವಾಸಕ್ಕೆ ಒಯ್ಯುವ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕೊಯ್ದ. ಇಷ್ಟೆಲ್ಲ ಮಾಡಿ ಊಟಕ್ಕೆ ಕೂತರೆ ಮೂರು ಸಲ ಬಡಿಸಿಕೊಳ್ಳುವುದು. ಹೊಟ್ಟೆ ಬೆಳೆಸಿಕೊಂಡವನು ಇವನು, ಉಪವಾಸ ಮಾತ್ರ ಸೈಕಲ್ಲಿಗೆ.

"ಎಲ್ಲವನ್ನೂ ಬ್ಯಾಲೆನ್ಸ್ ಮಾಡಬೇಕು ದೊಡ್ಡಪ್ಪ," ಎಂದು ನನಗೇ ಪಾಠ ಹೇಳಿದ ಒಂದು ದಿನ. "ಕೆಲಸ, ಓಡಾಟ, ಹವ್ಯಾಸ, ಮನೆ. ಪ್ಲಾನ್ ಮಾಡಿದ್ರೆ ಎಲ್ಲಕ್ಕೂ ಟೈಮ್ ಇದೆ."

"ಮನೆ ಕೊನೇಲಿ ಬಂತಲ್ಲಪ್ಪ."

"ಮನೆ ಎಲ್ಲಿಗೆ ಹೋಗುತ್ತೆ? ಇದ್ದೇ ಇರುತ್ತೆ."

ಇದ್ದೇ ಇರುತ್ತಿತ್ತು, ಯಾಕೆಂದರೆ ಅದನ್ನು ಹೊತ್ತವಳು ನನ್ನ ತಮ್ಮನ ಮಗಳು. ಬಸ್ ಡಿಪೋದಲ್ಲಿ ಪಾಸು ಕೊಡುವ ಕಿಟಕಿಯ ಹಿಂದೆ ಅವಳ ಕೆಲಸ. ಮನೆಯಲ್ಲಿ ಮಾವ, ಅಂದರೆ ತಕ್ಕಡಿಯ ಅಪ್ಪ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡವನು, ಒಬ್ಬರು ಹೆಗಲು ಕೊಡದೆ ಹಾಸಿಗೆಯಿಂದ ಏಳಲಾರ. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಬೆಳಿಗ್ಗೆ ಅವನನ್ನು ಎಬ್ಬಿಸಿ, ಮೈ ಒರೆಸಿ, ಗಡ್ಡ ಹೆರೆದು, ಗಾಲಿಕುರ್ಚಿಗೆ ಕೂರಿಸಿ ಹೊರಡುವವಳು ಸೊಸೆ. ಮಗ ಆ ಹೊತ್ತಿಗೆ ಬೆಟ್ಟದ ದಾರಿಯಲ್ಲಿ ಬೆವರು ಸುರಿಸುತ್ತಿರುತ್ತಿದ್ದ. ಆರೋಗ್ಯಕ್ಕೆ ಒಳ್ಳೆಯದಂತೆ. ಯಾರ ಆರೋಗ್ಯಕ್ಕೆ ಎಂದು ಯಾರೂ ಕೇಳಲಿಲ್ಲ.

ಕಂಪನಿಯ ತಿರುಗಾಟದಲ್ಲೂ ಅದೇ ಕಥೆ. ಯಾವ ಊರಿನ ಪಕ್ಕ ಬೆಟ್ಟವಿದೆಯೋ ಆ ಊರಿನ ಯಂತ್ರಗಳು ಮೊದಲು ಕೆಡುತ್ತಿದ್ದವು. ಒಮ್ಮೆ ಒಂದು ಗೋದಾಮಿನ ದೊಡ್ಡ ಯಂತ್ರವನ್ನು ಬಿಚ್ಚಿ ಹರವಿ, ಕೆರೆಗೆ ಯಾವುದೋ ಅಪರೂಪದ ಕೊಕ್ಕರೆ ಬಂದಿದೆ ಎಂದು ಎದ್ದು ಹೋದ. ಹಮಾಲಿಗಳು ಸಂಜೆಯತನಕ ಮೂಟೆಗಳ ಮೇಲೆ ಕೂತು ಆಕಳಿಸಿದರು. ಗೋದಾಮಿನ ಯಜಮಾನ ಮನೆಗೆ ಫೋನು ಮಾಡಿದ. ಎತ್ತಿದವಳು ಇವಳು. "ವ್ಯಾನ್ ಕೆಟ್ಟಿದೆ ಸಾರ್, ದಾರೀಲಿದ್ದಾರೆ," ಎಂದಳು. ಸುಳ್ಳು ಹೇಳಿದ ಬಾಯಿ ಅವಳದು, ಕೊಕ್ಕರೆ ನೋಡಿದ ಕಣ್ಣು ಅವನದು.

ಅವರ ಸೈಕಲ್ ಗುಂಪಿನಲ್ಲಿ ಒಂದು ಕಟ್ಟಳೆ ಇದೆ. ಮುಂದೆ ಹೋಗುವವನ ಎದೆಗೆ ಗಾಳಿಯ ಹೊಡೆತವೆಲ್ಲ. ಅವನ ಬೆನ್ನಿಗೆ ಅಂಟಿಕೊಂಡು ಬರುವವರಿಗೆ ಅರ್ಧ ಶ್ರಮ. ಅದಕ್ಕೆ ಸರದಿ. ಮುಂದಿನವನು ದಣಿದರೆ ಬದಿಗೆ ಸರಿಯುತ್ತಾನೆ, ಹಿಂದಿನವನು ಮುಂದೆ ಬಂದು ಗಾಳಿಗೆ ಮುಖ ಕೊಡಬೇಕು. ಸರದಿ ತಪ್ಪಿಸುವವನಿಗೆ ಅಲ್ಲಿ ಮೂರು ಕಾಸಿನ ಮರ್ಯಾದೆ ಇಲ್ಲ. ಇದನ್ನು ನನಗೆ ಹೇಳಿದವರು ಗುಂಪಿನ ನಾಯಕರಾದ ಹಲ್ಲಿನ ಡಾಕ್ಟರು, ನನ್ನ ಬಾಯಿಯೊಳಗೆ ಇಕ್ಕಳ ಇಟ್ಟುಕೊಂಡೇ.

"ನಿಮ್ಮ ಅಳಿಯಂಗೆ ಕಾಲಲ್ಲಿ ಕಸುವಿದೆ ಯಜಮಾನರೇ. ಆದ್ರೆ ಸರದಿ ಬಂತು ಅನ್ನೋವಾಗ ಅವನ ಶೂ ಲೇಸ್ ಬಿಚ್ಚಿಕೊಳ್ಳುತ್ತೆ."

ಬಾಯಲ್ಲಿ ಇಕ್ಕಳ ಇಲ್ಲದಿದ್ದರೆ ಮನೆಯಲ್ಲೂ ಅದೇ ಲೇಸು ಎಂದು ಹೇಳುತ್ತಿದ್ದೆ.

ಈಗ ಅವಳ ವಿಷಯ. ಕಿಟಕಿಯ ಹಿಂದೆ ಕೂತು ಪಾಸು ಕೊಡುತ್ತಾ ಕೊಡುತ್ತಾ ಅವಳಿಗೆ ಒಂದು ಆಸೆ ಹುಟ್ಟಿತ್ತು, ಬಸ್ ಓಡಿಸಬೇಕು ಎಂದು. ಊಟದ ಬಿಡುವಿನಲ್ಲಿ ಹಳೆಯ ಡ್ರೈವರುಗಳನ್ನು ಕಾಡಿ, ಡಿಪೋದ ಅಂಗಳದಲ್ಲಿ ತಗಡು ಕಿತ್ತ ಬಸ್ಸಿನಲ್ಲಿ ಕೈ ಪಳಗಿಸಿಕೊಂಡಳು. ಲೈಸೆನ್ಸೂ ಆಯಿತು. ಇನ್ನು ಡಿಪೋದವರ ಪರೀಕ್ಷೆ ಒಂದೇ ಬಾಕಿ. ಅದಕ್ಕೆ ವಯಸ್ಸಿನ ಮಿತಿಯುಂಟು, ಅವಳಿಗೆ ಅದು ಕೊನೆಯ ವರ್ಷ. ಕರೆದಾಗ ಅಂಗಳದಲ್ಲಿರಬೇಕು. ಇಲ್ಲದಿದ್ದರೆ ಸಾಯುವತನಕ ಕಿಟಕಿಯೇ ಗತಿ. ಪರೀಕ್ಷೆ ಭಾನುವಾರ ಬೆಳಿಗ್ಗೆ ಬಿತ್ತು. ಬೆಟ್ಟದ ರೇಸೂ ಅದೇ ಭಾನುವಾರ.

ನಾನು ಬಂದು ಮುದುಕನ ಬೆಳಗಿನ ಕೆಲಸ ನೋಡಿಕೊಳ್ಳುತ್ತೇನೆ ಎಂದೆ.

"ಬೇಡ ದೊಡ್ಡಪ್ಪ," ಎಂದಳು. "ಒಂದು ಸಲ ಅವರೇ ನೋಡಿಕೊಳ್ಳಲಿ. ನೀವು ಡಿಪೋಗೆ ಬನ್ನಿ. ನಾನು ಬಸ್ ಓಡಿಸೋದು ನೋಡೋಕೆ ನಮ್ಮೋರು ಒಬ್ಬರಾದ್ರೂ ಇರಲಿ."

ತಕ್ಕಡಿ ಮಾತು ಕೊಟ್ಟ. "ಅರ್ಧ ರೇಸ್ ಅಷ್ಟೇ. ಬೆಟ್ಟದ ಬುಡ ಮುಟ್ಟಿ ಹಿಂದಕ್ಕೆ ಬಂದುಬಿಡ್ತೀನಿ. ಅಪ್ಪನ ಗಡ್ಡಾನೂ ನಾನೇ ಮಾಡ್ತೀನಿ, ನೀನು ಆರಾಮಾಗಿ ರೆಡಿಯಾಗು."

ಅರ್ಧ ರೇಸು, ಅರ್ಧ ಮಗ, ಅರ್ಧ ಗಂಡ. ಎಲ್ಲ ಸೇರಿಸಿದರೆ ಒಂದೂವರೆ ಆಗುತ್ತದೆ ಎಂದು ಅವನ ಲೆಕ್ಕ.

ಆ ಭಾನುವಾರ ನಡೆದದ್ದನ್ನು ಅವನ ಬಾಯಿಂದಲೇ ಕೇಳಿದೆ. ಹೊರಡುವಾಗ ಫೋನನ್ನು ತೂಗಿ ನೋಡಿದನಂತೆ. ಭಾರ ಎನಿಸಿತಂತೆ. ಮೇಜಿನ ಮೇಲೆ ಬಿಟ್ಟು ಹೋದ. ಗುಂಪು ಊರು ದಾಟಿ ಏರು ಹಿಡಿಯುವಾಗ ಇವನು ಎಂದಿನಂತೆ ಬಾಲ. ಬಾಲವೂ ತುಂಡಾಗಿ ಹಿಂದೆ ಬಿತ್ತು. ಎದುರುಗಾಳಿ ಬೇರೆ. ಆಗ ಮುಂದೆ ಒಂದು ಬೆನ್ನು ಕಂಡಿತು. ಬಾಗಿಲ ಹಲಗೆಯಂಥ ಅಗಲದ ಬೆನ್ನು, ಇವರ ಗುಂಪಿನದರಂಥದೇ ಹಳದಿ ಅಂಗಿ. ಇನ್ನೇನು ಬೇಕು? ಹೋಗಿ ಹಿಂದೆ ಅಂಟಿಕೊಂಡ. ತಲೆ ತಗ್ಗಿಸಿ, ಆ ಬೆನ್ನಿನವನ ಹಿಂದಿನ ಚಕ್ರದ ಮೇಲೆ ಕಣ್ಣಿಟ್ಟು ತುಳಿದ. ಆ ಚಕ್ರ ತಿರುಗಿದಲ್ಲಿ ತಿರುಗಿದ. ಬೆಟ್ಟ ಯಾಕೆ ಇನ್ನೂ ಬರಲಿಲ್ಲ ಎಂಬ ಯೋಚನೆಯೂ ಬರಲಿಲ್ಲ, ಅಷ್ಟು ಸುಖ. ಕೊನೆಗೆ ಚಕ್ರ ನಿಂತಿತು. ತಲೆ ಎತ್ತಿದರೆ ಸೋಪು ಕಾರ್ಖಾನೆಯ ಗೇಟು.

"ಕಾರ್ಡ್ ತೋರಿಸು," ಎಂದ ವಾಚ್‌ಮನ್.

"ನಾನು ರೇಸಲ್ಲಿದ್ದೀನಿ."

"ಇಲ್ಲಿ ಎಲ್ಲರೂ ರೇಸಲ್ಲೇ ಇರೋದು. ಲೇಟಾದ್ರೆ ಅರ್ಧ ದಿನದ ಸಂಬಳ ಕಟ್. ಕಾರ್ಡ್."

ಅಗಲ ಬೆನ್ನಿನವನು ಕಾರ್ಖಾನೆಯ ಆ ಹಳದಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ತಿರುಗಿ ನೋಡಿದ. "ನೀನಾ? ಸೇತುವೆ ದಾಟಿದಾಗಿನಿಂದ ನನ್ನ ಹಿಂದೆ ಏನೋ ಬುಸುಗುಡ್ತಾ ಬರ್ತಿತ್ತು. ನಾಯಿ ಅಂದುಕೊಂಡೆ."

ಇತ್ತ ಮನೆಯಲ್ಲಿ ಅವಳು ಸಮವಸ್ತ್ರ ಹಾಕಿಕೊಂಡು ಕಾದಳು. ಬಾಗಿಲಿಗೂ ಕಿಟಕಿಗೂ ಓಡಾಡಿದಳು. ಫೋನು ಮಾಡಿದರೆ ಅದು ಪಕ್ಕದ ಮೇಜಿನ ಮೇಲೇ ಗುಂಯ್‌ಗುಟ್ಟಿತು. ಕಾದು ಕಾದು ಮಾವನ ಗಡ್ಡಕ್ಕೆ ತಾನೇ ಸೋಪು ಹಚ್ಚಿದಳು. ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಹೊತ್ತು ಮೀರಿತು.

"ನಡೀ ನೀನು," ಎಂದ ಮುದುಕ. "ನಾನೇನು ಓಡಿಹೋಗ್ತೀನಾ?"

"ನಿಮ್ಮನ್ನ ಹೀಗೆ ಅರ್ಧ ಗಡ್ಡದಲ್ಲಿ ಒಬ್ಬರನ್ನೇ ಬಿಟ್ಟು ಹೋದ್ರೆ ಸ್ಟೀರಿಂಗ್ ಹಿಡಿದ ಕೈ ಸುಮ್ಮನಿರಲ್ಲ ಮಾವ."

"ಹಾಗಾದ್ರೆ ನನ್ನನ್ನೂ ಹೇರು. ಬಸ್ ಓಡಿಸೋಳಿಗೆ ಈ ಕುರ್ಚಿ ಒಂದು ಭಾರಾನಾ?"

ನಾನು ಡಿಪೋದ ಬೇಲಿಯ ಹತ್ತಿರ ನಿಂತು ದಾರಿ ನೋಡುತ್ತಿದ್ದೆ. ಅವಳ ಹೆಸರನ್ನು ಒಮ್ಮೆ ಕೂಗಿ ಆಗಿತ್ತು. ಎರಡನೆಯ ಕೂಗಿಗೆ ಪರೀಕ್ಷೆ ಮಾಡುವ ಸಾಹೇಬರು ಬಾಯಿ ತೆರೆಯುವಾಗ ಗೇಟಿನಲ್ಲಿ ಗಾಲಿಕುರ್ಚಿ ಕಾಣಿಸಿತು. ತಳ್ಳುತ್ತಾ ಓಡಿ ಬರುತ್ತಿದ್ದಾಳೆ, ಏದುಸಿರು. ಕುರ್ಚಿಯಲ್ಲಿ ಮುದುಕ, ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ನೊರೆ ಒಣಗಿ ಸುಣ್ಣ ಬಳಿದ ಗೋಡೆ. ಮಡಿಲಲ್ಲಿ ಮಗ್ಗು ಮತ್ತು ಕ್ಷೌರದ ಕತ್ತಿ. ಡ್ರೈವರುಗಳೆಲ್ಲ ನಕ್ಕರು.

"ನಗಬೇಡ್ರಪ್ಪ," ಎಂದ ಮುದುಕ. "ಇನ್ನರ್ಧ ಮಾಡೋನು ಬೆಟ್ಟ ಹತ್ತೋಕೆ ಹೋಗಿದ್ದಾನೆ."

ಕುರ್ಚಿಯನ್ನು ನನ್ನ ಕೈಗೆ ಕೊಟ್ಟು ಅವಳು ಬಸ್ ಹತ್ತಿದಳು. ಅಂಗಳ ಸುತ್ತಿಸಿದಳು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದಳು. ಕೊನೆಯದು ಕಷ್ಟದ್ದು, ಎರಡು ಸಾಲು ಖಾಲಿ ಡ್ರಮ್ಮುಗಳ ನಡುವೆ ಬಸ್ಸನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು. ಒಂದು ಡ್ರಮ್ಮು ಬಿದ್ದರೆ ಮುಗಿಯಿತು.

ತಕ್ಕಡಿ ಬಂದದ್ದು ಆ ಹೊತ್ತಿಗೆ. ಕಾರ್ಖಾನೆಯಿಂದ ಊರಿನತನಕ ಬಟಾಬಯಲು, ಮುಂದೆ ಒಂದು ಬೆನ್ನೂ ಇಲ್ಲ. ಹುಟ್ಟಿದಮೇಲೆ ಮೊದಲ ಸಲ ಗಾಳಿಯನ್ನೆಲ್ಲ ಒಬ್ಬನೇ ತಿಂದಿದ್ದ. ಮನೆಗೆ ಹೋದರೆ ಬೀಗ. ಅಪ್ಪನಿಗೇನಾಯಿತೋ ಎಂದು ಪಕ್ಕದ ಮನೆ ಬಾಗಿಲು ಬಡಿದು, ಅವರು ಹೇಳಿದ ಮೇಲೆ ಇಲ್ಲಿಗೆ. ಮುಖ ಬಿಳಿಚಿತ್ತು. ಬಾಯಿ ತೆರೆದ, ನಾನು ಸುಮ್ಮನಿರು ಎಂದು ಕೈ ಮಾಡಿದೆ. ಬಸ್ಸಿನ ಹಿಂಭಾಗ ಅಂಗುಲ ಅಂಗುಲವಾಗಿ ಡ್ರಮ್ಮುಗಳ ನಡುವೆ ಸರಿಯುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ. ನೋಡುವ ಕೆಲಸವನ್ನೂ ನಮಗೇ ಬಿಟ್ಟ.

ಬಸ್ಸು ನಿಂತಿತು. ಡ್ರಮ್ಮುಗಳೂ ನಿಂತೇ ಇದ್ದವು. ಸಾಹೇಬರು ತಲೆಯಾಡಿಸಿದರು.

"ಎಷ್ಟನೆಯವನಾಗಿ ಬಂದೆ?" ಎಂದು ಅಪ್ಪ ಕೇಳಿದ.

"ದಾರಿ ತಪ್ಪಿತಪ್ಪ."

"ಬಂದದ್ದಾಯ್ತಲ್ಲ. ಈ ಕೆನ್ನೆ ಬಾಕಿ ಇದೆ, ಮುಗಿಸು."

ಡಿಪೋದ ನಲ್ಲಿಯಿಂದ ಮಗ್ಗಿಗೆ ನೀರು ಹಿಡಿದು, ಚರ್ಮಕ್ಕೆ ಅಂಟಿದ ಆ ಹಳದಿ ಅಂಗಿಯಲ್ಲೇ, ಅಷ್ಟು ಡ್ರೈವರುಗಳ ಎದುರು ಅಪ್ಪನ ಇನ್ನೊಂದು ಕೆನ್ನೆ ಹೆರೆದ. ಎರಡು ಕಡೆ ಕೊಯ್ದ. ಮುದುಕ ಹಲ್ಲು ಕಚ್ಚಿಕೊಂಡ. ಅವಳು ಬಸ್ಸಿನಿಂದ ಇಳಿದು ಬಂದು ನೋಡಿದಳು.

"ಇನ್ಮೇಲೆ ನಂಗೆ ಬೆಳಗಿನ ಮೊದಲ ಬಸ್ಸಂತೆ," ಎಂದಳು. "ಕೈ ಪಳಗಿಸಿಕೊಳ್ಳಿ."

ಅಂದಿನಿಂದ ಬೆಳಿಗ್ಗೆ ಅಪ್ಪನನ್ನು ಎಬ್ಬಿಸುವುದು, ಒರೆಸುವುದು, ಹೆರೆಯುವುದು ಮಗನ ಪಾಲಿಗೆ. ತಿರುಗಾಟಕ್ಕೆ ಹೋಗಬೇಕಾದರೆ ಮೊದಲೇ ಬಂದು, ಅಪ್ಪನನ್ನು ನೋಡಿಕೊಳ್ಳಿ ಎಂದು ನನ್ನ ಮುಂದೆ ಕೈಕಟ್ಟಿ ನಿಲ್ಲುತ್ತಾನೆ, ಬೆಟ್ಟವಿಲ್ಲದ ಊರೇ ಎಂದು ವಿಚಾರಿಸಿಕೊಂಡೇ ನಾನು ಒಪ್ಪುವುದು. ತಿದ್ದಿಕೊಂಡ ಎಂದು ಹೊಗಳಬೇಡಿ. ಹಿಂದೆ ಅಡಗಲು ಬೆನ್ನು ಸಿಗಲಿಲ್ಲ, ಅಷ್ಟೇ. ಟೆಂಟು ಇನ್ನೂ ಹಗ್ಗದ ಮೇಲಿದೆ.

ಭಾನುವಾರ ಅಪ್ಪನ ಕೆಲಸ ಮುಗಿಸಿ ಸೈಕಲ್ ಇಳಿಸುವಷ್ಟರಲ್ಲಿ ಹಲ್ಲಿನ ಡಾಕ್ಟರ ಗುಂಪು ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಒಬ್ಬನೇ ತುಳಿಯಬೇಕು, ಗಾಳಿಗೆ ಮುಖ ಕೊಟ್ಟು. ಕೊಡುತ್ತಾನೆಯೇ? ಮೊನ್ನೆ ಭಾನುವಾರ ನಾನು ಅವಳ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದೆ. ಊರಾಚೆಯ ರಸ್ತೆಗೆ ಬರುತ್ತಲೇ ಅವಳು ಕನ್ನಡಿ ನೋಡಿ ತುಟಿಯಲ್ಲೇ ನಕ್ಕಳು.

"ಏನಮ್ಮ?"

"ಹಿಂದೆ ನೋಡಿ ದೊಡ್ಡಪ್ಪ."

ಎದ್ದು ಹಿಂದಿನ ಗಾಜಿನಲ್ಲಿ ನೋಡಿದೆ. ಬಸ್ಸಿನ ಬೆನ್ನಿಗೆ ಅಂಟಿಕೊಂಡು, ಹೊಗೆಯಲ್ಲಿ ಮೂಗು ಕಪ್ಪು ಮಾಡಿಕೊಂಡು, ತಲೆ ತಗ್ಗಿಸಿ ತುಳಿಯುತ್ತಿದ್ದಾನೆ ನಮ್ಮ ತಕ್ಕಡಿ. ಈ ಬೆನ್ನು ಎಲ್ಲಕ್ಕಿಂತ ಅಗಲ.

"ಜೋರಾಗಿ ಓಡಿಸಿ ಬಿಟ್ಟು ಹೋಗು," ಎಂದೆ.

"ಬೇಡ. ಎಲ್ಲಾ ಸ್ಟಾಪಲ್ಲೂ ನಿಲ್ಲಿಸ್ತೀನಿ," ಎಂದಳು. "ಜನ ಹತ್ತಿ ಇಳಿಯೋವರೆಗೂ ಹೊಗೆ ಕುಡೀತಾ ಕಾಯಲಿ."

ಮುಂದಿನ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಕೈ ಮಾಡಿದಳು. ನಮ್ಮ ಹುಡುಗಿ ಬಸ್ ನಿಲ್ಲಿಸಿ, "ನಿಧಾನವಾಗಿ ಹತ್ತಿ ಅಜ್ಜಿ," ಎಂದಳು.