ಗುರುತಿಲ್ಲದ ಹದಿನಾಲ್ಕು ಪುಟ

ನಮ್ಮ ಬೀದಿಗೆ ಕರೆಂಟ್ ಮೀಟರ್ ಓದಲು ಬರುವವರನ್ನು ನಮ್ಮಮ್ಮ ಮೊದಲ ದಿನದಿಂದಲೂ ಮೀಟರಣ್ಣ ಎಂದೇ ಕರೆದರು. ವಯಸ್ಸು ನೋಡಿದರೆ ಅವರು ಅಮ್ಮನಿಗೆ ಮಗನಂತೆ, ನನಗೆ ತಮ್ಮನಂತೆ. ಆದರೂ ಬೀದಿಗೆಲ್ಲ ಅಣ್ಣನೇ. ಹನ್ನೊಂದು ವರ್ಷದಿಂದ ಪ್ರತಿ ತಿಂಗಳ ಮೊದಲ ವಾರ ಬರುತ್ತಾರೆ. ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಬಗ್ಗಿ, ಮೀಟರಿನ ಗಾಜಿನ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿ, ಅಂಕಿ ನೋಡಿ, ಕೈಯಲ್ಲಿರುವ ಪುಟ್ಟ ಯಂತ್ರದ ಗುಂಡಿಗಳನ್ನು ಒತ್ತಿ, ಅದು ಕಿರ್ರೆಂದು ಹೊರಹಾಕಿದ ಚೀಟಿಯನ್ನು ಹರಿದು ಕೊಟ್ಟು ಹೋಗುತ್ತಾರೆ. ಒಂದು ಮನೆಗೆ ಎರಡು ನಿಮಿಷ, ದಿನಕ್ಕೆ ನೂರಿಪ್ಪತ್ತು ಮನೆ. ಎಷ್ಟು ಅವಸರವಿದ್ದರೂ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಾರೆ. ಹಾಗಾಗಿ ಅವರ ಚಪ್ಪಲಿ ಸವೆಯುವುದಕ್ಕಿಂತ ಬೇಗ ಕಳೆದುಹೋಗುತ್ತದೆ.

ಈ ಮನುಷ್ಯ ಕಾದಂಬರಿ ಬರೆದಿದ್ದಾರೆಂದು ಬೇರೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಹೇಳಿದವರು ಅವರೇ ಆದ್ದರಿಂದ ನಗಲಾಗಲಿಲ್ಲ.

ನನ್ನ ಉದ್ಯೋಗವನ್ನೂ ಹೇಳಿಬಿಡುತ್ತೇನೆ. ಒಂದು ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಔಷಧಿ ಡಬ್ಬಿಯೊಳಗಿನ ಚೀಟಿ, ಶಾಲೆಯ ಪಠ್ಯ, ನಿವೃತ್ತರ ಆತ್ಮಕಥೆ, ಎಲ್ಲವೂ ನನ್ನ ಪೆನ್ಸಿಲ್ ದಾಟಿಯೇ ಹೋಗಬೇಕು. ತಪ್ಪು ಹಿಡಿಯುವುದು ಮೊದಲು ಹೊಟ್ಟೆಪಾಡಾಗಿತ್ತು, ಬರಬರುತ್ತಾ ಚಾಳಿಯಾಯಿತು. "ಮದುವೆಗೆ ಅಂತ ಕೇಳಿದವರಲ್ಲೂ ಹೀಗೇ ತಪ್ಪು ಹುಡುಕಿದೆ ನೀನು" ಎಂದು ಅಮ್ಮ ಈಗಲೂ ಹಂಗಿಸುತ್ತಾರೆ. "ಸಿಕ್ಕವಲ್ಲ!" ಎಂದು ನಾನೂ ಬಿಡುವುದಿಲ್ಲ.

ಒಂದು ದಿನ ಮೀಟರಣ್ಣ ಚೀಟಿ ಕೊಟ್ಟ ಮೇಲೂ ಹೊರಡದೆ ಬಾಗಿಲಲ್ಲೇ ನಿಂತರು.

"ಅಕ್ಕಾ, ನೀವು ಪುಸ್ತಕದ ಕೆಲಸ ಮಾಡ್ತೀರಂತೆ."

ಆಮೇಲೆ ತಮ್ಮ ಕಥೆ ಬಿಚ್ಚಿದರು. ಕಾದಂಬರಿ ಬರೆದು ಮುಗಿಸಿ ನಾಲ್ಕು ವರ್ಷವಾಗಿತ್ತು. ಓದಿ, ಎಲ್ಲಿ ಸರಿ ಎಲ್ಲಿ ತಪ್ಪು ಎಂದು ಹೇಳುವ ಒಬ್ಬ ಗುರುವಿಗಾಗಿ ಅಂದಿನಿಂದ ಹುಡುಕುತ್ತಲೇ ಇದ್ದರು. ಮೊದಲು ಸಿಕ್ಕವರು ಅವರು ಮೀಟರ್ ಓದುವ ಮನೆಯೊಂದರ ನಿವೃತ್ತ ಉಪನ್ಯಾಸಕರು. ಏಳು ತಿಂಗಳು "ಓದ್ತಾ ಇದೀನಿ, ಓದ್ತಾ ಇದೀನಿ" ಎಂದು ಎಂಟನೆಯ ತಿಂಗಳು ಚೀಲ ಹಿಂತಿರುಗಿಸಿದರು. ಮೀಟರಣ್ಣ ಕಟ್ಟಿದ್ದ ಗಂಟು ಹಾಗೇ ಇತ್ತು. ಆಮೇಲೆ ಹೆಸರು ಮಾಡಿದ ಲೇಖಕರೊಬ್ಬರು. ಅವರು ಹತ್ತು ಪುಟ ತಿರುವಿ, ಮೊದಲು ತಮ್ಮ ಅಷ್ಟೂ ಪುಸ್ತಕಗಳನ್ನು ಓದಿಕೊಂಡು ಬರುವಂತೆ ಪಟ್ಟಿ ಕೊಟ್ಟರು. ಕೊನೆಗೆ ಶನಿವಾರದ ಒಂದು ಬರವಣಿಗೆ ಶಿಬಿರ.

"ಅಲ್ಲಿ ಎಲ್ಲರೂ ಎಲ್ಲರಿಗೂ ಚಪ್ಪಾಳೆ ತಟ್ತಾರೆ ಅಕ್ಕ. ಕೈ ನೋವು ಬಂತು, ಅಷ್ಟೇ."

"ನಾನು ಗುರುವೂ ಅಲ್ಲ, ಏನೂ ಅಲ್ಲ. ಕರಡು ತಿದ್ದೋಳು," ಎಂದೆ.

"ತಪ್ಪು ತೋರಿಸೋರೇ ಬೇಕು. ಹೊಗಳೋಕೆ ಮನೇಲಿ ಹೆಂಡತಿ ಇದ್ದಾಳೆ."

ಈ ಮಾತಿಗೆ ನಾನು ಕರಗಿದೆ. ಕೈಬರಹದ ಮುನ್ನೂರ ಹನ್ನೆರಡು ಪುಟ, ಇದ್ದದ್ದು ಅದೊಂದೇ ಪ್ರತಿ. ಮುದ್ರಣಾಲಯದಲ್ಲಿ ಊಟದ ಬಿಡುವಿನಲ್ಲಿ, ಸಂಜೆ ಮನೆಯ ಕಿಟಕಿಯ ಪಕ್ಕದಲ್ಲಿ, ಆರು ವಾರ ಓದಿದೆ. ಕಥೆ ಒಬ್ಬ ಮೀಟರ್ ಓದುವವನದೇ, ಅವನು ಎರಡೆರಡು ನಿಮಿಷ ಕಂಡ ಮನೆಗಳದ್ದು. ಕಣ್ಣು ಚುರುಕು, ಕೈ ದುಂದು. ಒಂದು ಸಾಲಿನಲ್ಲಿ ತೋರಿಸಿದ್ದನ್ನು ಮುಂದಿನ ಮೂರು ಸಾಲಿನಲ್ಲಿ ವಿವರಿಸುವುದು; ಇಪ್ಪತ್ತು ಪುಟಕ್ಕೊಮ್ಮೆ ನಾಯಕ ಗೋಡೆಗೆ ಒರಗಿ ಅಳುವುದು. ನಾನು ದಾಕ್ಷಿಣ್ಯ ನೋಡಲಿಲ್ಲ. 'ಇಲ್ಲಿ ಅಳು ಬರುವುದು ಬರೆದವರಿಗೆ ಮಾತ್ರ.' 'ಈ ಪ್ಯಾರಾ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ.' 'ಹೇಳಿದ್ದಾಯಿತಲ್ಲ, ಮತ್ತೇಕೆ?' ಅಂಚಿನ ತುಂಬ ನನ್ನ ಪೆನ್ಸಿಲ್ ಬೈಗುಳ.

ಏಳನೆಯ ಅಧ್ಯಾಯ ಮಾತ್ರ ಬೇರೆ ಇತ್ತು. ಅದು ಹದಿನಾಲ್ಕು ಪುಟ. ಮೀಟರಿನವನು ಒಂದು ಮನೆಯ ಮೆಟ್ಟಿಲು ಹತ್ತುವಾಗ ಒಳಗೆ ಗಂಡ ಹೆಂಡತಿಯ ಜಗಳ ಬೀದಿಗೆ ಕೇಳುವಷ್ಟು ಜೋರಾಗಿರುತ್ತದೆ. ಇವನು ಬಾಗಿಲು ತಟ್ಟಿದ್ದೇ ಇಬ್ಬರೂ ಗಪ್‌ಚುಪ್. ಒಬ್ಬರು ಕುರ್ಚಿ ಎಳೆದರೆ ಇನ್ನೊಬ್ಬರು ನೀರು ತರುತ್ತಾರೆ, ಇಬ್ಬರ ಮುಖದಲ್ಲೂ ಅತಿಥಿಗೆ ಬೇಕಾದ ನಗು. ಇವನು ಅಂಕಿ ಬರೆದುಕೊಂಡು ಹೊರಬಂದು ಮೆಟ್ಟಿಲ ಮೇಲೆ ನಿಲ್ಲುತ್ತಾನೆ. ಜಗಳ ಮತ್ತೆ ಶುರುವಾದರೆ ಹೋಗಬಹುದು. ಆಗದಿದ್ದರೆ ಏನೋ ಮುರಿದಿದೆ ಎಂದರ್ಥ. ಕಾಯುತ್ತಾನೆ. ಅವತ್ತು ಇನ್ನೂ ಮೂವತ್ತು ಮನೆ ಬಾಕಿ ಇದ್ದರೂ ಕಾಯುತ್ತಾನೆ. ಆ ಪುಟಗಳನ್ನು ಓದುವಾಗ ಪೆನ್ಸಿಲ್ ಕೈಯಿಂದ ಯಾವಾಗ ಜಾರಿತೋ ತಿಳಿಯಲಿಲ್ಲ. ಓದಿ ಮುಗಿಸಿದಾಗ ಅದು ಮೇಜಿನ ಕೆಳಗೆ ಬಿದ್ದಿತ್ತು.

ಪ್ರತಿ ಹಿಂತಿರುಗಿಸಲು ಎರಡು ದಿನವಿದ್ದಾಗ ಒಂದು ಫೋನ್ ಬಂತು.

"ಅಕ್ಕ, ನಾನು ಮೀಟರ್ ಓದೋರ ಮನೆಯವರು. ನಾನು ಫೋನ್ ಮಾಡಿದ್ದು ಅವರಿಗೆ ಹೇಳ್ಬೇಡಿ. ನಾಲ್ಕು ವರ್ಷ ಅವರಿವರ ಬಾಗಿಲು ಕಾದು ಸೋತು ಹೋಗಿದ್ದಾರೆ. ಇದೇ ಕೊನೆ, ಅಕ್ಕನೂ ಬೇಡ ಅಂದ್ರೆ ಒಲೆಗೆ ಹಾಕ್ತೀನಿ ಅಂತಿದ್ದಾರೆ. ಏನಾದ್ರೂ ಒಂದು ಒಳ್ಳೇ ಮಾತು ಹೇಳಿ."

ಫೋನ್ ಇಟ್ಟು ನನ್ನ ಬರಹವನ್ನೇ ಮತ್ತೆ ಓದಿದೆ. ಈಗ ಆ ಹೆಂಗಸಿನ ದನಿ ಕಿವಿಯಲ್ಲಿತ್ತು. ಒಂದೊಂದು ಟಿಪ್ಪಣಿಯೂ ಕಪಾಳಕ್ಕೆ ಹೊಡೆದಂತೆ ಕಂಡಿತು. ಭಾನುವಾರ ಬೆಳಿಗ್ಗೆ ರಬ್ಬರ್ ಹಿಡಿದು ಕೂತವಳು ಸಂಜೆಯ ಹೊತ್ತಿಗೆ ಎಲ್ಲವನ್ನೂ ಅಳಿಸಿ ಮುಗಿಸಿದೆ. ಅಮ್ಮ ಎರಡು ಸಲ ರಬ್ಬರಿನ ಪುಡಿ ಗುಡಿಸಿದರು.

"ಬರೆಯೋಕೆ ಆರು ವಾರ, ಅಳಿಸೋಕೆ ಒಂದು ದಿನ. ಚೆನ್ನಾಗಿದೆ ಕಣೇ ನಿನ್ನ ಉದ್ಯೋಗ!"

ಕನಿಕರದಿಂದ ಅಳಿಸಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ತಪ್ಪು ತೋರಿಸಿದರೆ ಸರಿ ಮಾಡುವುದು ಹೇಗೆಂದೂ ಹೇಳಿಕೊಡಬೇಕು, ವರ್ಷಗಟ್ಟಲೆ ಕೂರಬೇಕು. ನನಗೆ ಆ ಭಾರ ಬೇಕಿರಲಿಲ್ಲ. ಸೋಮಾರಿತನಕ್ಕೆ ಕನಿಕರದ ಅಂಗಿ ತೊಡಿಸಿದೆ.

ಸೋಮವಾರ ಅವರು ಬಂದರು.

"ಚೆನ್ನಾಗಿದೆ," ಎಂದೆ.

"ತಪ್ಪು?"

"ಅಂಥಾದ್ದೇನಿಲ್ಲ."

"ಮುನ್ನೂರು ಪುಟದಲ್ಲಿ ಒಂದೂ ಇಲ್ವಾ ಅಕ್ಕ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಏಳನೆಯ ಅಧ್ಯಾಯದ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅದೊಂದನ್ನು ಹೊಗಳಿದರೆ ಉಳಿದವು ಹೇಗಿವೆ ಎಂದು ಕೇಳುತ್ತಾರಲ್ಲ ಎಂದು ಅದನ್ನೂ ನುಂಗಿಕೊಂಡೆ. ಹೇಳಬಹುದಾಗಿದ್ದ ಒಂದೇ ಒಂದು ನಿಜವಾದ ಒಳ್ಳೆಯ ಮಾತು ಅದು. ಅವರು ಚೀಲ ಎತ್ತಿಕೊಂಡು, "ಸರಿ ಅಕ್ಕ," ಎಂದು ಹೊರಟರು. ಗೇಟು ಹಾಕುವಾಗ ಹಿಂತಿರುಗಿ ನೋಡಲಿಲ್ಲ.

ಮುಂದಿನ ಹತ್ತು ತಿಂಗಳು ಅವರಿಗೆ ಮುಖ ತೋರಿಸಲಾಗಲಿಲ್ಲ. ಮೊದಲ ವಾರ ಗೇಟಿನ ಸದ್ದಾದರೆ ಸಾಕು, ನಾನು ಬಚ್ಚಲುಮನೆಗೆ. "ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ" ಎಂದು ಅಮ್ಮ ಹೇಳಬೇಕು. ಒಮ್ಮೆ ಅಮ್ಮನಿಗೆ ರೇಗಿತು.

"ಕರೆಂಟ್ ಕದ್ದವರ ಹಾಗೆ ಬಚ್ಚಿಟ್ಕೊಳ್ತೀಯಲ್ಲೇ! ಏನು ಮಾಡಿದ್ದೀಯ ಆ ಮನುಷ್ಯನಿಗೆ?"

ಮುದ್ರಣಾಲಯದಲ್ಲಿ ಯಾರದೋ ಕರಡಿನ ಮೇಲೆ ಪೆನ್ಸಿಲ್ ಊರಿದಾಗೆಲ್ಲ 'ಒಂದೂ ಇಲ್ವಾ ಅಕ್ಕ?' ಎಂಬ ಮಾತು ಕೇಳಿಸುತ್ತಿತ್ತು. ಒಲೆಗೆ ಹಾಕಿದರೋ ಏನೋ ಎಂದು ಕೇಳಲೂ ಧೈರ್ಯವಿರಲಿಲ್ಲ.

ಹನ್ನೊಂದನೆಯ ತಿಂಗಳು, ಮೀಟರ್ ಓದುವ ದಿನವಲ್ಲದ ಒಂದು ಭಾನುವಾರ, ಬಾಗಿಲಲ್ಲಿ ಅವರ ದನಿ.

"ಅಕ್ಕ ಇನ್ನೂ ಸ್ನಾನಕ್ಕೆ ಹೋಗಿಲ್ಲ ತಾನೇ?"

ಅಮ್ಮ ನಕ್ಕುಬಿಟ್ಟರು. ನಾನು ಸಿಕ್ಕಿಬಿದ್ದೆ. ಒಳಗೆ ಬಂದು ಕೂತ ಮೀಟರಣ್ಣ ಹೊಸ ಹಸ್ತಪ್ರತಿಯನ್ನು ನನ್ನ ಮುಂದಿಟ್ಟರು. ಜೊತೆಗೆ ಒಂದು ನೋಟ್‌ಬುಕ್. ಅದನ್ನು ಬಿಡಿಸಿ ನೋಡಿದರೆ ನನ್ನದೇ ಮಾತುಗಳು ಅವರ ಅಕ್ಷರದಲ್ಲಿದ್ದವು. 'ಇಲ್ಲಿ ಅಳು ಬರುವುದು ಬರೆದವರಿಗೆ ಮಾತ್ರ.' ಹೀಗೆ ಪುಟದ ಸಂಖ್ಯೆ ಹಾಕಿ ನಾನೂರಕ್ಕೂ ಹೆಚ್ಚು.

"ನೀವು ಒತ್ತಿ ಬರೀತೀರ ಅಕ್ಕ. ರಬ್ಬರ್ ಹಾಕಿದ್ರೂ ಹಾಳೇಲಿ ತಗ್ಗು ಉಳೀತು. ಮಸುಕಾದ ಅಂಕಿ ಓದೋದೇ ನನ್ನ ಕೆಲಸ ಅಲ್ವಾ? ಟಾರ್ಚ್ ನೇರ ಬಿಟ್ರೆ ಏನೂ ಕಾಣಲ್ಲ, ಓರೆ ಹಿಡೀಬೇಕು. ಪುಟಕ್ಕೆ ಎರಡು ಮೂರು ದಿನ ಹಿಡಿದಿದ್ದೂ ಇದೆ. ನನ್ನ ಹೆಂಡತಿ ಫೋನ್ ಮಾಡಿದ್ದು ಆಮೇಲೆ ಗೊತ್ತಾಯ್ತು. ಅವಳಿಗೆ ಬೈದೆ. ನಿಮಗೆ ಬೈಯೋಕೆ ಆಗಲ್ಲವಲ್ಲ!" ಎಂದು ನಕ್ಕರು. "ಎಷ್ಟು ಉಗಿದಿದ್ದೀರಿ ಅಕ್ಕ! ನಾಲ್ಕು ವರ್ಷ ಹುಡುಕಿದ ಗುರು ಇವರೇ ಅಂತ ಆಗ್ಲೇ ಅನ್ನಿಸ್ತು."

ನಾನು ಅವರ ಎದುರಿಗೇ ಅತ್ತೆ. ಕ್ಷಮಿಸಿ ಎಂದೆ. ಬದುಕಿದೆನಪ್ಪಾ ಎಂದು ಒಳಗೊಳಗೇ ಹಗುರವಾದೆ. ನಾನು ಮಾಡಿದ ತಪ್ಪನ್ನು ಅವರೇ ಟಾರ್ಚ್ ಹಿಡಿದು ಸರಿಮಾಡಿಕೊಂಡಿದ್ದರು. ನನ್ನದು ಎಂಥ ಅದೃಷ್ಟ ಎನಿಸಿತು.

ಹೊಸ ಪ್ರತಿ ಓದಲು ಕೂತೆ. ಕಾದಂಬರಿ ಈಗ ಇನ್ನೂರ ನಲವತ್ತು ಪುಟಕ್ಕೆ ಇಳಿದಿತ್ತು. ನಾಯಕ ಒಂದೇ ಒಂದು ಕಡೆ ಅಳುತ್ತಿದ್ದ, ನನಗೂ ಅಲ್ಲಿ ಅಳು ಬಂತು. ಆದರೆ ಆರನೆಯ ಅಧ್ಯಾಯ ಮುಗಿದು ಏಳನೆಯದಕ್ಕೆ ಬಂದರೆ ಅಲ್ಲಿ ಬೇರೇನೋ ಇತ್ತು. ಮೆಟ್ಟಿಲು, ಜಗಳ, ಕಾಯುವುದು, ಯಾವುದೂ ಇಲ್ಲ. ಕೊನೆಯವರೆಗೂ ಪುಟ ಮಗುಚಿದೆ, ಎಲ್ಲಿಯೂ ಇರಲಿಲ್ಲ. ತಕ್ಷಣ ಫೋನ್ ಮಾಡಿ ಕರೆಸಿದೆ.

"ಅದನ್ನ ತೆಗೆದುಬಿಟ್ಟೆ ಅಕ್ಕ," ಎಂದರು.

"ಯಾಕೆ?"

"ಆ ಹದಿನಾಲ್ಕು ಪುಟದಲ್ಲಿ ಎಷ್ಟು ಓರೆ ಹಿಡಿದ್ರೂ ಒಂದು ಗೀರು ಸಿಗಲಿಲ್ಲ. ಚೆನ್ನಾಗಿದೆ ಅಂತ ಬಿಟ್ಟಿರಬಹುದಾ ಅಂತ ಒಂದು ಗಳಿಗೆ ಆಸೆಪಟ್ಟೆ. ಆದ್ರೆ ಆ ಮನೆ ಒಂದು ಕಡೆ ಎರಡನೇ ಮಹಡಿ ಅಂತಿತ್ತು, ಇನ್ನೊಂದು ಕಡೆ ಮೂರನೇದು ಅಂತಿತ್ತು. ಅಂಥಾ ತಪ್ಪನ್ನ ನೀವು ಬಿಡೋರೇ ಅಲ್ಲ. ಹಾಗಾಗಿ, ಅಕ್ಕ ಇದನ್ನ ಓದೋಕೇ ಆಗದೆ ಹಾಳೆ ತಿರುಗಿಸಿಬಿಟ್ಟಿದ್ದಾರೆ, ಅಷ್ಟು ಸಪ್ಪೆ ಇದೆ ಅಂದ್ಕೊಂಡೆ."

ಎರಡನೆಯ ಮಹಡಿ, ಮೂರನೆಯ ಮಹಡಿ. ಇಪ್ಪತ್ತಾರು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿಕೊಂಡ ತಪ್ಪು ಅದೊಂದೇ ಇದ್ದೀತು. ಮೈಮರೆತು ಓದಿದ್ದೆ.

"ಹಳೇ ಹಾಳೆಗಳು ಎಲ್ಲಿ?"

"ಹೊಸದು ಬರೆದಾದ ಮೇಲೆ ರದ್ದಿಗೆ ಹಾಕಿದ್ವಿ."

ಆಗ ಹೇಳಿದೆ. ಪೆನ್ಸಿಲ್ ಕೆಳಗೆ ಬಿದ್ದಿದ್ದನ್ನು ಹೇಳಿದೆ, ಇಡೀ ಕಾದಂಬರಿಯಲ್ಲಿ ಅದೇ ಜೀವ ಎಂದೆ, ಅವತ್ತು ಆ ಮಾತನ್ನು ಏಕೆ ನುಂಗಿದೆ ಎಂಬುದನ್ನೂ ಮುಚ್ಚಿಡದೆ ಹೇಳಿದೆ.

"ಅವತ್ತೇ ಹೇಳ್ಬೇಕಿತ್ತು ಅಕ್ಕ," ಎಂದರು. ಇಷ್ಟು ವರ್ಷದಲ್ಲಿ ಅವರು ನನಗೆ ಅಂದ ಕಟು ಮಾತು ಅದೊಂದೇ.

ಮತ್ತೆ ಬರೆಯುತ್ತೇನೆ ಎಂದರು. ಮೊದಲ ಸಲ ಅದನ್ನು ಜ್ವರ ಬಂದು ರಜೆ ಹಾಕಿದಾಗ ಎರಡೇ ದಿನದಲ್ಲಿ ಬರೆದಿದ್ದರಂತೆ. ಏನು ಬರೆದೆನೆಂದು ಅವರಿಗೇ ಸರಿಯಾಗಿ ನೆನಪಿರಲಿಲ್ಲ. ಓದಿದವಳು ಪ್ರಪಂಚದಲ್ಲಿ ನಾನೊಬ್ಬಳೇ. ಆ ಅಧ್ಯಾಯವನ್ನು ಅವರ ಹೆಂಡತಿಯೂ ಓದಿರಲಿಲ್ಲ. ನಾನು ಮುದ್ರಣಾಲಯದ ಯಜಮಾನರ ಹತ್ತಿರ ಮಾತಾಡಿದೆ. ಉಳಿದ ಕಾದಂಬರಿ ಅವರಿಗೆ ಹಿಡಿಸಿತು, ಆ ಅಧ್ಯಾಯ ಬಂದ ಕೂಡಲೇ ಅಚ್ಚಿಗೆ ಕೊಡೋಣ ಎಂದರು.

ಮೂರು ವಾರಕ್ಕೆ ಹೊಸದು ಬಂತು. ಅದರಲ್ಲಿ ಜಗಳವಿತ್ತು, ಕಾಯುವುದಿರಲಿಲ್ಲ. "ಹಳೇದರಷ್ಟು ಇದೆಯಾ ಅಕ್ಕ?" ಎಂದು ಕೇಳಿದರು. ಇಲ್ಲ ಎಂದೆ. ಎರಡನೆಯದರಲ್ಲಿ ಕಾಯುವುದಿತ್ತು, ಏಕೆ ಕಾಯುತ್ತಾನೆ ಎಂಬ ವಿವರಣೆಯೂ ಇತ್ತು. ಇಲ್ಲ ಎಂದೆ. ಮೂರನೆಯದು ಹತ್ತಿರ ಬಂದಿತ್ತು. ಅದಕ್ಕೂ ಇಲ್ಲ ಎಂದೆ. ಇನ್ನೊಂದು ಸುಳ್ಳು ಹೇಳಬಾರದೆಂಬ ಹಟ ಹಿಡಿದಿದ್ದೆ. ಪ್ರತಿ ಸಲವೂ ಅವರು "ಸರಿ ಅಕ್ಕ" ಎಂದು ಹಾಳೆ ಮಡಚಿಕೊಂಡು ಹೋಗುತ್ತಿದ್ದರು. ಮುಖ ಸಣ್ಣದಾಗುತ್ತಿತ್ತು.

ಹೋದ ವಾರ ನಾಲ್ಕನೆಯದು ತಂದರು. ನನ್ನ ಎದುರಿಗೇ ಕೂತರು. ನಾನು ಓದಿದೆ. ಅದರ ಪಕ್ಕದಲ್ಲಿ ಹಳೆಯದನ್ನು ಇಟ್ಟು ನೋಡಬೇಕೆಂದು ಕಣ್ಣು ಮುಚ್ಚಿದೆ. ಕುರ್ಚಿ ಎಳೆದವರು ಹೆಂಡತಿಯೋ, ಗಂಡನೋ? ಮೆಟ್ಟಿಲ ಮೇಲೆ ನಿಂತವನು ಎಷ್ಟು ಹೊತ್ತು ಕಾದ? ಕೊನೆಗೆ ಜಗಳ ಶುರುವಾಯಿತೋ ಇಲ್ಲವೋ? ಹಳೆಯದು ಹೊಸ ನಾಲ್ಕರಲ್ಲಿ ಕಲಸಿಹೋಗಿತ್ತು. ಪೆನ್ಸಿಲ್ ಬಿದ್ದದ್ದು ನೆನಪಿತ್ತು, ಓದಿದ್ದು ನೆನಪಿರಲಿಲ್ಲ.

"ಈಗ ಹಳೇದರಷ್ಟು ಇದೆಯಾ ಅಕ್ಕ?"

ಇದೆ ಎಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಪುಸ್ತಕ ಅಚ್ಚಾಗುತ್ತಿತ್ತು, ಅವರೂ ನಗುತ್ತಿದ್ದರು.

"ಗೊತ್ತಿಲ್ಲ," ಎಂದೆ. "ಹಳೇದು ನನಗೂ ಮರೆತು ಹೋಗಿದೆ."

ಅವರು ಹಾಳೆಗಳನ್ನು ತೆಗೆದುಕೊಂಡು ಅಂಚು ಸರಿಮಾಡಿದರು. ಒಂದು ಸಲ ಮಾಡಿ, ಮತ್ತೊಂದು ಸಲ ಮಾಡಿದರು.

"ನಿಮ್ಮ ಹತ್ರ ಆದ್ರೂ ಇದೆ ಅಂದ್ಕೊಂಡಿದ್ದೆ," ಎಂದರು.